ಅಕ್ಕ ಬೇಡಿಕೊಂಡದ್ದು

ಪ್ರತಿ ಗುರುವಾರ ಬೆಳಿಗ್ಗೆ ರೇಡಿಯೊದಲ್ಲಿ ಇಂಗ್ಲಿಷ್ ಪದಗಳ ಕಥೆ ಹೇಳುತ್ತಿದ್ದವನನ್ನು ಊರಿನವರು ರೇಡಿಯೊ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವುದು ಅವನ ಹೊಟ್ಟೆಪಾಡಾದರೆ ರೇಡಿಯೊ ಅವನ ಖುಷಿ. ಒಂದು ಪದವನ್ನು ಹಿಡಿದುಕೊಂಡು ಅದು ಯಾರ ಮನೆಯಲ್ಲಿ ಹುಟ್ಟಿತು, ಯಾವ ದೇಶ ಸುತ್ತಿತು, ದಾರಿಯಲ್ಲಿ ಏನು ಕಳೆದುಕೊಂಡಿತು ಎಂದು ಹೇಳುತ್ತಾ ಹೋದರೆ, ತರಕಾರಿ ಹೆಚ್ಚುತ್ತಿದ್ದವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಬರೀ ಹೇಳುವುದಲ್ಲ, ದನಿ ತೆಗೆಯುವುದರಲ್ಲಿ ಅವನು ಎತ್ತಿದ ಕೈ. ಗೊಣಗುವ ಅಜ್ಜ, ಗದರುವ ಅಧಿಕಾರಿ, ಚೌಕಾಸಿ ಮಾಡುವ ಹೆಂಗಸು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು.

ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಸಣ್ಣವನು. ಅವನ ಓದು ನಿಲ್ಲಬಾರದೆಂದು ಅಕ್ಕ ತನ್ನ ಓದು ಬಿಟ್ಟು ಲಾಂಡ್ರಿಗೆ ಕೆಲಸಕ್ಕೆ ಸೇರಿದಳು. ಆಸ್ಪತ್ರೆಗಳ, ಲಾಡ್ಜುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಈಗಲೂ ಅವಳು ಅಲ್ಲೇ, ಇಸ್ತ್ರಿ ವಿಭಾಗದಲ್ಲಿ. ಸೋಪಿನ ಡಬ್ಬಗಳ ಕಪಾಟಿನ ಮೇಲೆ ಒಂದು ಹಳೆಯ ರೇಡಿಯೊ ಇತ್ತು. ಗುರುವಾರ ಆ ಹೊತ್ತಿಗೆ ಸರಿಯಾಗಿ ಅಕ್ಕ ಸ್ಟೂಲು ಹತ್ತಿ ಅದರ ವಾಲ್ಯೂಮ್ ಜೋರು ಮಾಡುತ್ತಿದ್ದಳು. "ಸ್ವಲ್ಪ ಸುಮ್ಮನಿರ್ರೇ, ನನ್ನ ತಮ್ಮ ಮಾತಾಡ್ತಾನೆ" ಎನ್ನುತ್ತಿದ್ದಳು. ಅವನು ಹೇಳುವುದರಲ್ಲಿ ಅರ್ಧ ಅವಳ ತಲೆಗೆ ಹತ್ತುತ್ತಿರಲಿಲ್ಲ. ಹತ್ತಬೇಕೆಂದೂ ಇರಲಿಲ್ಲ. ಅವನ ಗಂಟಲು ಸರಿಯಾಗಿದೆಯೇ, ನೆಗಡಿಯಾದ ಹಾಗಿದೆಯೇ ಎಂದಷ್ಟೇ ಕೇಳಿಸಿಕೊಳ್ಳುತ್ತಿದ್ದಳು.

ಭಾವನದು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಕೆಲಸವಾಗಿತ್ತು. ಕಂಚಿನ ಕಂಠ. ಹೂಕೋಸಿನ ಮೂಟೆಯ ಮೇಲೆ ನಿಂತು ಅವನು ಬೆಲೆ ಕೂಗಿದರೆ ಮಾರುಕಟ್ಟೆಯ ಹಿಂದಿನ ಗೇಟಿನಲ್ಲಿ ನಿದ್ದೆ ಮಾಡುತ್ತಿದ್ದ ಲಾರಿ ಡ್ರೈವರುಗಳು ಎದ್ದು ಕೂರುತ್ತಿದ್ದರಂತೆ. ಜನ ಅವನನ್ನು ಕರೆಯುತ್ತಿದ್ದದ್ದೂ ಕಂಚು ಎಂದೇ. ಆ ಗಂಟಲಿಗೇ ಕ್ಯಾನ್ಸರ್ ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿ, ಉಸಿರಾಡಲು ಕತ್ತಿನ ಕೆಳಗೆ ಒಂದು ತೂತು ಬಿಟ್ಟು ಕಳಿಸಿದರು. ತೂತನ್ನು ಹೆಬ್ಬೆರಳಿನಿಂದ ಒತ್ತಿಕೊಂಡು ಮಾತಾಡುವುದನ್ನು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಭಾವ ಅಲ್ಲೇ ಒಂದು ಸಲ ಪ್ರಯತ್ನಿಸಿದ. ಬಂದ ಸದ್ದನ್ನು ಕೇಳಿ ಕೈ ತೆಗೆದವನು ಮತ್ತೆ ಅಲ್ಲಿಗೆ ಬೆರಳಿಡಲಿಲ್ಲ. ಮನೆಯ ಹಿಂದಿನ ಕೋಣೆ ಹಿಡಿದು ಕೂತ. ಯಾರಾದರೂ ನೋಡಲು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಅವನ ಜೊತೆಗಿದ್ದದ್ದು ರೇಡಿಯೊ ಒಂದೇ.

ಒಂದು ಸಂಜೆ ಅಕ್ಕ ಕೆಲಸ ಮುಗಿಸಿ ಸೀದಾ ತಮ್ಮನ ಮನೆಗೆ ಬಂದಳು. ಕೈಯಲ್ಲಿ ಚೀಲ, ಮುಖದಲ್ಲಿ ಆವಿಗೆ ಬೆಂದ ಕೆಂಪು. ಕುರ್ಚಿಯ ಅಂಚಿನಲ್ಲಿ ಕೂತಳು.

"ಏನಕ್ಕ, ಫೋನ್ ಮಾಡಿದ್ರೆ ನಾನೇ ಬರ್ತಿದ್ದೆನಲ್ಲ."

"ಅಲ್ಲಿ ಮಾತಾಡೋಕಾಗಲ್ಲ ಕಣೋ. ಅವರಿಗೆ ಕೇಳಿಸತ್ತೆ. ಬಾಯಿ ಹೋದ್ಮೇಲೆ ಕಿವಿ ಎರಡರಷ್ಟು ಚುರುಕಾಗಿದೆ." ನಗಲು ನೋಡಿದಳು. ನಗು ಬರಲಿಲ್ಲ. "ನಿನ್ನ ಸ್ಟೇಷನ್ನಿಗೆ ಅವರನ್ನ ಒಂದು ಸಲ ಕರ್ಕೊಂಡು ಹೋಗ್ತೀಯಾ? ನೀನು ಮಾತಾಡುವಾಗ ಒಂದು ಮೂಲೆಯಲ್ಲಿ ಕೂತಿರ್ತಾರೆ. ನೋಡ್ಬೇಕು ಅಂತ ಅವರಿಗೆ ತುಂಬಾ ಆಸೆ."

"ಅವರೇ ಹೇಳಿದ್ರಾ?"

"ಸನ್ನೆ ಮಾಡಿ ಹೇಳಿದ್ರು" ಎಂದಳು ಅಕ್ಕ, ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ.

ತಮ್ಮನ ಕಣ್ಣ ಮುಂದೆ ಸ್ಟುಡಿಯೊ ಬಂತು. ಹಾಳೆ ಮಗುಚಿದರೂ ಹಿಡಿಯುವ ಮೈಕು. ಭಾವನ ಕತ್ತಿನಿಂದ ಹೊರಡುವ ಸುಯ್ ಸುಯ್ ಉಸಿರು. ಕೆಮ್ಮು ಬಂದರೆ ಅಲ್ಲಿಂದಲೇ ಕಫ. ಒರೆಸಿಕೊಳ್ಳಲು ಸದಾ ಕೈಯಲ್ಲಿ ಒಂದು ಒದ್ದೆ ಬಟ್ಟೆ. ಗಾಜಿನಾಚೆ ಕೂರುವ ತಂತ್ರಜ್ಞ, ಕೆಳಗಿನ ರಿಸೆಪ್ಷನ್ನಿನ ಹುಡುಗಿ, ಎಲ್ಲರೂ ನೋಡುತ್ತಾರೆ. ಇವರು ನಮ್ಮ ಭಾವ ಎಂದು ಎಲ್ಲರಿಗೂ ಹೇಳಬೇಕು.

"ಹೊರಗಿನವರನ್ನ ಸ್ಟುಡಿಯೊ ಒಳಗೆ ಬಿಡಲ್ಲ ಅಕ್ಕ. ರೂಲ್ಸ್ ಇದೆ."

ಅದು ಸುಳ್ಳು. ಸ್ಟೇಷನ್ನಿನ ಮುಖ್ಯಸ್ಥರ ಮೊಮ್ಮಕ್ಕಳು ಈಚೆಗಷ್ಟೇ ಅಲ್ಲಿ ಕೂತು ಚಾಕೊಲೇಟು ತಿಂದು ಕುರ್ಚಿಗೆ ಕೈ ಒರೆಸಿ ಹೋಗಿದ್ದರು.

"ನೀನು ಹೇಳಿದ್ರೆ ಬಿಡ್ತಾರೆ. ದಮ್ಮಯ್ಯ ಕಣೋ. ನನಗೆ ಅಂತ ನಿನ್ನ ಹತ್ರ ಏನೂ ಕೇಳಿಲ್ಲ ನಾನು. ಒಂದೇ ಒಂದು ಸಲ. ಅವರು ಮಾತಾಡಲ್ಲ, ಮಾತಾಡೋಕೆ ಬರೋದೇ ಇಲ್ಲವಲ್ಲ, ಗಲಾಟೆ ಎಲ್ಲಿಂದ ಆಗತ್ತೆ? ಒಂದು ಮೂಲೆಯಲ್ಲಿ ಕೂತ್ಕೊಳ್ತಾರೆ ಅಷ್ಟೇ. ನೋಡು, ಗಲ್ಲ ಹಿಡಿದು ಕೇಳ್ತೀನಿ, ಪುಟ್ಟಾ."

ಅಕ್ಕ ನಿಜವಾಗಿಯೂ ಎದ್ದು ಬಂದು ಅವನ ಗಲ್ಲ ಹಿಡಿದಳು. ಬೆರಳುಗಳಲ್ಲಿ ಗಂಜಿಯ ವಾಸನೆಯಿತ್ತು. ತಲೆ ನರೆತವನು ಪುಟ್ಟನಾಗಿ ಕೂತಿದ್ದ. ಅವನು ಮುಖ ಪಕ್ಕಕ್ಕೆ ತಿರುಗಿಸಿಕೊಂಡ. "ನೋಡ್ತೀನಿ ಬಿಡು" ಎಂದ. ಅವನ ನೋಡ್ತೀನಿ ಎಂದರೆ ಏನೆಂದು ಅಕ್ಕನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ನೀರು ಕುಡಿದು ಹೊರಟಳು.

ಮರುವಾರ ಅವನು ಹೇಳಬೇಕೆಂದಿದ್ದ ಪದ ಎಂಟ್ರೀಟ್, ಬೇಡಿಕೊಳ್ಳುವುದು. ತುಂಬಾ ದಿನದಿಂದ ಮನಸ್ಸಿನಲ್ಲಿದ್ದ ಪದ. ಅಕ್ಕ ಬರುವ ಮೊದಲೇ ಅದನ್ನು ಆರಿಸಿಕೊಂಡಾಗಿತ್ತು.

"ಬೇಡಿಕೊಳ್ಳೋದಕ್ಕೆ ಇಂಗ್ಲಿಷಿನಲ್ಲಿ ಪದಗಳಿಗೇನೂ ಬರ ಇಲ್ಲ" ಎಂದು ಶುರು ಮಾಡಿದ. "ಇಂಪ್ಲೋರ್ ಅನ್ನೋದರ ಹೊಟ್ಟೆಯೊಳಗೆ ಅಳು ಇದೆ, ಲ್ಯಾಟಿನ್ನಿನಲ್ಲಿ ಅದು ಅತ್ತುಕೊಂಡು ಕರೆಯೋದು. ಬಿಸೀಚ್ ಅನ್ನೋದು ಸೀಕ್ ಅನ್ನೋ ಪದದ ಹತ್ತಿರದ ನೆಂಟ, ಹುಡುಕಾಟದ ಮಾತು. ನಮ್ಮಲ್ಲೂ ಹಾಗೇ. ವಿನಂತಿಸು ಅನ್ನೋದು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಾತು, ಗೋಗರೆ ಅನ್ನೋದು ಬರಿಗಾಲಿನ ಮಾತು. ಆದರೆ ಎಂಟ್ರೀಟ್ ಇದೆಯಲ್ಲ, ಅದರ ಕಥೆ ಬೇರೆ."

ಟ್ರ್ಯಾಕ್ಟರ್ ಗೊತ್ತಲ್ಲ, ಎಳೆಯುವ ಯಂತ್ರ. ಅದೂ ಇದೂ ಒಂದೇ ಬೇರಿನವು ಎಂದ. ಎಳೆಯುವುದು ಎಂಬ ಲ್ಯಾಟಿನ್ ಪದದಿಂದ ಎಳೆದಾಡುವುದು, ಕೈಯಲ್ಲಿ ಹಿಡಿದು ಆಡಿಸುವುದು ಎಂಬ ಅರ್ಥ ಬಂತು. ಅದು ಫ್ರೆಂಚರ ಮನೆ ಹೊಕ್ಕು, ಒಬ್ಬರನ್ನು ನಡೆಸಿಕೊಳ್ಳುವುದು ಎಂದಾಯಿತು. ಇಂಗ್ಲಿಷಿಗೆ ಬಂದಾಗ ಎಂಟ್ರೀಟ್ ಎಂದರೆ ಬೇಡುವುದು ಆಗಿರಲೇ ಇಲ್ಲ. ನೀವು ಇನ್ನೊಬ್ಬರನ್ನು ಹೇಗೆ ನಡೆಸಿಕೊಂಡಿರಿ, ಚೆನ್ನಾಗಿಯೋ ಕೆಟ್ಟದಾಗಿಯೋ, ಅದು ಎಂಟ್ರೀಟ್. ಆಮೇಲೆ ಎದುರುಬದುರು ಕೂತು ಮಾತುಕತೆ ಆಡುವುದಕ್ಕೂ ಅದೇ ಪದ ಬಂತು. ಮಾತುಕತೆಯಲ್ಲಿ ಕೈ ಸೋತವನ ದನಿ ಇಳಿಯುತ್ತದಲ್ಲ, ಹಾಗೆ ಪದವೂ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಬೇಡುವುದಷ್ಟೇ ಉಳಿಯಿತು. "ದೊಡ್ಡವರ ಕೈಯಲ್ಲಿ ಹುಟ್ಟಿದ ಪದ ಚಿಕ್ಕವರ ಬಾಯಿಗೆ ಬಂದು ಸೇರಿತು" ಎಂದ. ಈ ವಾಕ್ಯದ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಉದಾಹರಣೆಗೆಂದು ಅವನು ಸಿದ್ಧ ಮಾಡಿಕೊಂಡಿದ್ದದ್ದು ರಾಜನೆದುರು ನಿಂತ ಕೈದಿಯ ಮಾತು. ಎರಡು ಸಾಲು ಹೇಳುವಷ್ಟರಲ್ಲಿ ಸಪ್ಪೆ ಎನಿಸಿತು. ಗಾಜಿನಾಚೆ ತಂತ್ರಜ್ಞ ಕಿವಿ ಕೆರೆದುಕೊಳ್ಳುತ್ತಿದ್ದ. ಕೈದಿಯನ್ನು ಅಲ್ಲೇ ಬಿಟ್ಟು ತಮ್ಮ ಒಂದು ಸಿನಿಮಾ ಮಂದಿರದ ಬಾಗಿಲಿಗೆ ಹೋದ. ಆಟ ಶುರುವಾಗಿಬಿಟ್ಟಿದೆ, ಗಂಡನನ್ನು ಒಳಗೆ ಬಿಡು ಎಂದು ಒಬ್ಬ ಹೆಂಗಸು ಬಾಗಿಲು ಕಾಯುವ ಮೀಸೆಯವನನ್ನು ಕೇಳುತ್ತಿದ್ದಾಳೆ. ಕಥೆ ಅಲ್ಲೇ ಹುಟ್ಟಿದ್ದು. ದನಿ ಮಾತ್ರ ಹುಟ್ಟಿದ್ದಲ್ಲ.

"ದಮ್ಮಯ್ಯ ಕಣೋ. ನನಗೆ ಅಂತ ಏನೂ ಕೇಳಿಲ್ಲ ನಾನು. ಅವರು ಮಾತಾಡಲ್ಲ, ಒಂದು ಮೂಲೆಯಲ್ಲಿ ಕೂತ್ಕೊಳ್ತಾರೆ ಅಷ್ಟೇ. ಗಲ್ಲ ಹಿಡಿದು ಕೇಳ್ತೀನಿ, ಪುಟ್ಟಾ."

ಮೀಸೆ ಹೊತ್ತ ದ್ವಾರಪಾಲಕನನ್ನು ಪುಟ್ಟಾ ಎಂದದ್ದಕ್ಕೆ ತಂತ್ರಜ್ಞ ಮೇಜಿನ ಮೇಲೆ ಬಗ್ಗಿ ನಕ್ಕ. ಆ ನಗು ತಮ್ಮನಿಗೆ ನೆತ್ತಿಗೇರಿತು. ಇನ್ನೊಂದು ಸಲ ಹೇಳಿದ, ಈ ಸಲ ಪುಟ್ಟಾ ಎಂಬಲ್ಲಿ ದನಿಯನ್ನು ಸ್ವಲ್ಪ ಒಡೆದು, ಅಕ್ಕನಿಗೆ ಒಡೆದ ಹಾಗೆಯೇ. ಉಸಿರು ತೆಗೆದುಕೊಳ್ಳಲು ನಿಂತಾಗ ಲಾಂಡ್ರಿಯ ಕಪಾಟು ನೆನಪಾಯಿತು. ಈ ಹೊತ್ತಿಗೆ ಅಲ್ಲಿ ರೇಡಿಯೊ ಜೋರಾಗಿರುತ್ತದೆ. ಯಾರಿಗೂ ಸ್ವಂತ ದನಿ ಗುರುತು ಸಿಗುವುದಿಲ್ಲ ಎಂದುಕೊಂಡ. ಹಾಗೆಂದುಕೊಂಡೇ ಮಾತು ಮುಂದುವರಿಸಿದ.

ಲಾಂಡ್ರಿಯಲ್ಲಿ ಅಕ್ಕ ಉದ್ದಮ್ಮನ ಜೊತೆ ಆಸ್ಪತ್ರೆಯ ಹೊದಿಕೆ ಮಡಚುತ್ತಿದ್ದಳು. ಉದ್ದಮ್ಮ ಎಂದರೆ ಇಸ್ತ್ರಿ ವಿಭಾಗದಲ್ಲೇ ಎತ್ತರದ ಹೆಂಗಸು, ಮಾತೂ ಅಷ್ಟೇ ಉದ್ದ. ಇಬ್ಬರೂ ಎರಡೆರಡು ಮೂಲೆ ಹಿಡಿದು ದೂರ ಸರಿದು, ಬಟ್ಟೆ ಜಗ್ಗಿ, ಮತ್ತೆ ಹತ್ತಿರ ಬರುತ್ತಿದ್ದರು. ಸಿನಿಮಾ ಬಾಗಿಲಿನ ಹೆಂಗಸು ಮಾತಾಡತೊಡಗಿದಾಗ ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅವಳ ನಗುವೇ ಎಲ್ಲರಿಗಿಂತ ಮೊದಲು ಬಂದದ್ದು.

"ಅಕ್ಕ, ನಿಮ್ಮ ತಮ್ಮ ಥೇಟ್ ನಿಮ್ಮ ಹಾಗೇ ಮಾತಾಡ್ತಿದ್ದಾರಲ್ಲ" ಎಂದಳು ಉದ್ದಮ್ಮ.

ಅಷ್ಟರಲ್ಲಿ ರೇಡಿಯೊ ಗಲ್ಲ ಹಿಡಿದು ಕೇಳ್ತೀನಿ ಎಂದಿತು. ಅಕ್ಕನ ಕೈಯಿಂದ ಹೊದಿಕೆಯ ಮೂಲೆ ಜಾರಿ ಒದ್ದೆ ನೆಲಕ್ಕೆ ಬಿತ್ತು. ಮಾತು ಎರಡನೆಯ ಸಲ ಬಂದಾಗ ಕೋಣೆಯಲ್ಲಿ ನಗು ಕಡಿಮೆಯಾಗಿತ್ತು. ಅಕ್ಕನ ಗಂಡನ ವಿಷಯ ಎಲ್ಲರಿಗೂ ಗೊತ್ತು. ಅವರು ಮಾತಾಡಲ್ಲ ಎಂದರೆ ಯಾರು ಮಾತಾಡುವುದಿಲ್ಲ ಎಂದು ಒಬ್ಬೊಬ್ಬರಿಗೇ ಹೊಳೆಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಅವನು ಹಾಗೇ, ಎಲ್ಲರ ದನೀನೂ ತೆಗೀತಾನೆ" ಎಂದಳು ಅಕ್ಕ. ಬಿದ್ದ ಹೊದಿಕೆಯನ್ನು ಎತ್ತಿ ಮತ್ತೆ ಒಗೆಯುವ ರಾಶಿಗೆ ಹಾಕಿದಳು. ಮಧ್ಯಾಹ್ನ ಒಗೆಯುವ ಕೋಣೆಯಿಂದ ಬಂದ ಒಬ್ಬಳು, ಏನೂ ಅರಿಯದವಳು, ಗಂಜಿಯ ಡಬ್ಬ ಕೇಳುತ್ತಾ "ದಮ್ಮಯ್ಯ ಕಣೇ, ಪುಟ್ಟಾ" ಎಂದು ಆ ದನಿಯನ್ನೇ ತೆಗೆದಳು. ಅಕ್ಕ ನಗುತ್ತಲೇ ಡಬ್ಬ ಕೊಟ್ಟಳು. ಆಮೇಲೆ ಪ್ರೆಸ್ಸಿನ ಮೇಲೆ ಬಗ್ಗಿದವಳು ತುಂಬಾ ಹೊತ್ತು ತಲೆ ಎತ್ತಲಿಲ್ಲ. ಮುಖ ಸುಡುತ್ತಿತ್ತು. ಯಾರಾದರೂ ಕೇಳಿದರೆ ಆವಿಯ ಮೇಲೆ ತಪ್ಪು ಹಾಕಬಹುದಿತ್ತು.

ಅತ್ತ ಮನೆಯ ಹಿಂದಿನ ಕೋಣೆಯಲ್ಲಿ ಭಾವನೂ ಕೇಳಿದ್ದ. ಗಂಡಸಿನ ಬಾಯಲ್ಲಿ ತನ್ನ ಹೆಂಡತಿಯ ದನಿ. ಮೊದಲು ಅವನಿಗೆ ತಮಾಷೆ ಎನಿಸಿತು. ಆಮೇಲೆ, ಅವರು ಮಾತಾಡಲ್ಲ ಎಂದದ್ದು ತನ್ನ ಬಗ್ಗೆಯೇ ಎಂದು ತಿಳಿಯಿತು. ತನಗಾಗಿ ಅವಳು ತಮ್ಮನ ಗಲ್ಲ ಹಿಡಿದಿದ್ದಾಳೆ. ಏನು ಕೇಳಿ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಸಂಜೆ ಅಕ್ಕ ಬಂದು ಅಡುಗೆ ಮಾಡಿದಳು, ಬಡಿಸಿದಳು. ನೆಲಕ್ಕೆ ಬಿದ್ದ ಹೊದಿಕೆಯ ವಿಷಯ ಹೇಳಿದಳು, ಮೂಲೆ ಯಾಕೆ ಜಾರಿತೆಂದು ಹೇಳಲಿಲ್ಲ. ಪಾತ್ರೆ ತೊಳೆದಿಟ್ಟು ಬಂದು, ಬಟ್ಟೆ ಮಡಚುವ ನೆವದಲ್ಲಿ ಕೇಳಿದಳು.

"ಇವತ್ತು ತಮ್ಮನ ಮಾತು ಕೇಳಿದ್ರಾ?"

ಭಾವ ಇಲ್ಲವೆಂದು ತಲೆಯಾಡಿಸಿದ. ಕೈಯನ್ನು ಕೆನ್ನೆಗೆ ಒತ್ತಿ, ನಿದ್ದೆ ಹೋಗಿದ್ದೆ ಎಂದು ತೋರಿಸಿದ.

"ನಾನೂ ಕೇಳಲಿಲ್ಲ. ಮೆಷಿನ್ ಸದ್ದು" ಎಂದಳು ಅಕ್ಕ. ಹೀಗೆ ಇಬ್ಬರೂ ಒಬ್ಬರ ಮಾನವನ್ನು ಒಬ್ಬರು ಮುಚ್ಚಿದರು.

ಮರುದಿನ ಸಂಜೆಯ ಹೊತ್ತಿಗೆ ಸ್ಟೇಷನ್ನಿನ ಮೇಲಿನ ಕೋಣೆಯಲ್ಲಿ ತಮ್ಮ ಕೂತಿದ್ದ. ಮುಂದಿನ ವಾರದ ಪದ ನೋಡಿಕೊಳ್ಳಬೇಕಿತ್ತು, ಯಾವ ಪದವೂ ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಬೆಳಿಗ್ಗೆಯಿಂದ ಅಕ್ಕನಿಗೆ ಫೋನ್ ಮಾಡಲು ಹೋಗಿ ಹೋಗಿ ಕೈ ಹಿಂದಕ್ಕೆ ತೆಗೆದಿದ್ದ. ಏನೂ ಆಗದವನಂತೆ ಮಾತಾಡಿದರೆ ನೀಚತನ, ಆಗಿದೆ ಎಂದು ಒಪ್ಪಿಕೊಂಡರೆ ಮುಂದೇನು ಹೇಳಬೇಕೋ ಗೊತ್ತಿಲ್ಲ. ರಿಸೆಪ್ಷನ್ನಿನಿಂದ ಕರೆ ಬಂತು.

"ಸರ್, ಯಾರೋ ಬಂದಿದ್ದಾರೆ. ಮಾತಾಡ್ತಿಲ್ಲ. ಗೋಡೆ ಮೇಲಿನ ನಿಮ್ಮ ಫೋಟೊ ತೋರಿಸ್ತಿದ್ದಾರೆ."

ತಮ್ಮ ಮೆಟ್ಟಿಲಿಳಿದು ಬಂದ. ಕೆಳಗೆ ಸೋಫಾದ ಮೇಲೆ ಭಾವ ಕೂತಿದ್ದ. ಮಾರುಕಟ್ಟೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ಬಿಳಿ ಅಂಗಿ ಈಗ ಮೈಗೆ ದೊಗಳೆಯಾಗಿತ್ತು. ಕತ್ತಿಗೆ ಮಫ್ಲರ್ ಸುತ್ತಿಕೊಂಡಿದ್ದ. ಪರಿಚಯದವರು ಸಿಗದಿರಲೆಂದು ಮಾರುಕಟ್ಟೆಯ ಬೀದಿ ಬಿಟ್ಟು ಸುತ್ತುದಾರಿಯಲ್ಲಿ ನಡೆದು ಬಂದಿದ್ದರಿಂದ ಬೂಟು ಧೂಳಾಗಿತ್ತು.

"ಭಾವ, ಒಬ್ಬರೇ ಬಂದ್ರಾ? ಅಕ್ಕ ಹುಷಾರಾಗಿದ್ದಾಳಾ?"

ಭಾವ ಪಕ್ಕದಲ್ಲಿ ಕೂರುವಂತೆ ಸೋಫಾ ತಟ್ಟಿದ. ಮಫ್ಲರ್ ಸಡಿಲಿಸಿದ. ಸ್ವಲ್ಪ ಹೊತ್ತು ರಿಸೆಪ್ಷನ್ನಿನ ಹುಡುಗಿಯ ಕಡೆ ನೋಡಿದ. ಆಮೇಲೆ ಹೆಬ್ಬೆರಳನ್ನು ಕತ್ತಿನ ತೂತಿಗೆ ಒತ್ತಿದ.

ಬಂದದ್ದು ದನಿ ಎಂದು ಹೇಳುವ ಹಾಗಿರಲಿಲ್ಲ. ತಗಡಿನ ಮೇಲೆ ಮರಳು ಎಳೆದಂತಿತ್ತು. ಹುಡುಗಿ ತಲೆ ಎತ್ತಿ, ತಕ್ಷಣ ತಗ್ಗಿಸಿದಳು.

"ಏನು ಕೇಳಿದ್ಲು?"

ತಮ್ಮನಿಗೆ ಕೇಳಿಸಿತ್ತು. ಕೇಳಿಸದ ಹಾಗೆ ಮುಖ ಮಾಡಿದ. ಭಾವ ಉಸಿರು ತುಂಬಿಕೊಂಡು ಮತ್ತೆ ಬೆರಳು ಒತ್ತಿದ.

"ಅವಳು ನಿನ್ನ ಹತ್ರ ಏನು ಕೇಳಿದ್ಲು? ಸಿನಿಮಾ ಅಲ್ಲ. ನಿಜವಾಗಿ."

"ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಾ ಅಂದ್ಲು. ಸ್ಟುಡಿಯೊ ನೋಡೋಕೆ ನಿಮಗೆ ಆಸೆ, ಸನ್ನೆ ಮಾಡಿ ಹೇಳಿದ್ರಿ ಅಂತ."

"ನಾನಾ?" ಭಾವ ತಲೆಯಾಡಿಸಿದ. "ನಾನು ಏನೂ ಹೇಳಿಲ್ಲ."

ಆಗ ತಮ್ಮನಿಗೆ ಹೊಳೆಯಿತು. ಅಕ್ಕ ಬೇಡಿದ್ದು ಗಂಡನ ಆಸೆಯನ್ನಲ್ಲ. ಗಂಡ ಹೇಗಾದರೂ ಆ ಕೋಣೆಯಿಂದ ಹೊರಗೆ ಬರಲೆಂದು ಆಸೆಯನ್ನು ತಾನೇ ಹುಟ್ಟಿಸಿಕೊಂಡು ಬಂದು ಬೇಡಿದ್ದಳು.

"ನೀನೇನಂದೆ?"

"ಒಳಗೆ ಬಿಡಲ್ಲ, ರೂಲ್ಸ್ ಇದೆ ಅಂದೆ."

"ಇದೆಯಾ?"

"ಇಲ್ಲ."

"ಮತ್ತೆ?"

ಉತ್ತರ ಹೇಳದೆ ಎದ್ದು ಹೋಗಬಹುದಾಗಿತ್ತು. ನೀರು ತರ್ತೀನಿ ಎನ್ನಬಹುದಾಗಿತ್ತು. ಆದರೆ ಭಾವನ ಹೆಬ್ಬೆರಳು ಕತ್ತಿನ ಹತ್ತಿರವೇ ಕಾಯುತ್ತಿತ್ತು.

"ನಾಚಿಕೆಯಾಯ್ತು ಭಾವ. ನಿಮ್ಮ ಉಸಿರಿನ ಸದ್ದು... ಇಲ್ಲಿರೋರೆಲ್ಲ ಏನಂದ್ಕೊಳ್ತಾರೋ ಅಂತ." ಹೇಳುತ್ತಿರುವಾಗಲೇ ತಾನು ನೆಲದೊಳಕ್ಕೆ ಇಳಿದು ಹೋದರೆ ಸಾಕೆನಿಸಿತು.

ಭಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ತಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಭಾವ ಬಗ್ಗಿ ತನ್ನ ಬೂಟಿನ ಧೂಳು ಕೊಡವಿ, ಆಮೇಲೆ ಬೆರಳಿಟ್ಟ.

"ನನಗೂ ಅದೇ ನಾಚಿಕೆ. ಅದಕ್ಕೇ ಕೋಣೆ ಬಿಡಲಿಲ್ಲ." ಉಸಿರು ಮುಗಿಯಿತು. ಮತ್ತೆ ತುಂಬಿಕೊಂಡ. "ನಮ್ಮಿಬ್ಬರ ನಾಚಿಕೆಗೆ ಅವಳು ಬೇಡಬೇಕಾಯ್ತು."

"ಈಗ ಬನ್ನಿ ಭಾವ, ಮೇಲೆ ಹೋಗೋಣ. ಎಲ್ಲ ತೋರಿಸ್ತೀನಿ. ಎಲ್ಲರಿಗೂ ಪರಿಚಯ ಮಾಡಿಸ್ತೀನಿ."

"ಬೇಡ." ಭಾವ ಎದ್ದು ನಿಂತ. "ಅವಳ ಕೆಲಸ ಬಿಡೋ ಹೊತ್ತು."

ತಮ್ಮ ಕರೆಯದೆಯೇ ಹಿಂದೆ ಹೊರಟ. ಭಾವ ಈ ಸಲ ಸುತ್ತುದಾರಿ ಹಿಡಿಯಲಿಲ್ಲ. ಮಾರುಕಟ್ಟೆಯ ಬೀದಿಯಲ್ಲೇ ನಡೆದ. ಈರುಳ್ಳಿ ಮಂಡಿಯವನೊಬ್ಬ ನೋಡಿ, ಗುರುತು ಹತ್ತಿ, "ಕಂಚಣ್ಣ" ಎಂದು ಗದ್ದಿಗೆಯಿಂದ ಎದ್ದ. ಭಾವ ಕೈ ಎತ್ತಿ ತೋರಿಸಿ ಮುಂದೆ ಹೋದ. ಅವನ ಉಸಿರು ಸುಯ್ ಸುಯ್ ಎನ್ನುತ್ತಿತ್ತು. ಹಾದುಹೋಗುವವರು ತಿರುಗಿ ನೋಡುತ್ತಿದ್ದರು. ಪ್ರತಿ ಸಲವೂ ತಮ್ಮನಿಗೆ ಮೈ ಮುದುಡುತ್ತಿತ್ತು. ಇನ್ನೂ ಮುದುಡುತ್ತಿದೆಯಲ್ಲ ಎಂಬುದೇ ಅವನಿಗೆ ಎಲ್ಲಕ್ಕಿಂತ ಹೇಸಿಗೆಯಾಯಿತು.

ಲಾಂಡ್ರಿಯ ಗೇಟಿನಿಂದ ಹೆಂಗಸರು ಗುಂಪಾಗಿ ಹೊರಬಂದರು. ಅಕ್ಕ ಗಂಡನನ್ನು ಕಂಡು ಓಡಿ ಬಂದಳು.

"ಏನ್ರೀ, ಏನಾಯ್ತು? ಯಾಕೆ ಬಂದ್ರಿ?"

ಭಾವ ಅಷ್ಟೂ ಹೆಂಗಸರ ಮುಂದೆ ಬೆರಳು ಒತ್ತಿದ.

"ಸುಮ್ಮನೆ."

ಅಕ್ಕ ಎರಡೂ ಕೈಯನ್ನು ಬಾಯಿಗಿಟ್ಟುಕೊಂಡಳು. ಹಿಂದಿದ್ದವರು ಏನು ಮಾಡಬೇಕೆಂದು ತಿಳಿಯದೆ ನಿಂತರು. ಉದ್ದಮ್ಮ ಮಾತ್ರ, ದಿನಾ ನೋಡುವ ಮನುಷ್ಯನನ್ನು ಮಾತಾಡಿಸುವಂತೆ, "ಚೆನ್ನಾಗಿದ್ದೀರಾ ಅಣ್ಣ? ಅಕ್ಕನ್ನ ಬೇಗ ಕರ್ಕೊಂಡು ಹೋಗಿ, ಇವತ್ತು ಕೆಲಸ ಜಾಸ್ತಿ ಆಯ್ತು" ಎಂದಳು. ಅಕ್ಕನ ಕಣ್ಣಲ್ಲಿ ನೀರು, ಮುಖದ ತುಂಬ ಬೆಳಕು. ಆ ಬೆಳಕಿನಲ್ಲೇ ಅವಳು ಗಂಡನ ಹಿಂದೆ ನಿಂತಿದ್ದ ತಮ್ಮನನ್ನು ನೋಡಿದಳು. ಬೆಳಕು ಹಿಂದಕ್ಕೆ ಸರಿಯಿತು, ಅಪರಿಚಿತರು ಬಂದಾಗ ಕೈಯಲ್ಲಿರುವುದನ್ನು ಮುಚ್ಚಿಟ್ಟುಕೊಳ್ಳುವಂತೆ.

"ಊಟ ಆಯ್ತೇನೋ?" ಎಂದಳು. ಎಂದಿನ ಮಾತೇ. ನಾಲ್ಕು ಜನರೆದುರು ತಮ್ಮನ ಮರ್ಯಾದೆ ಹೋಗಬಾರದು. ಗಂಡಹೆಂಡತಿ ಮುಂದೆ ಹೋದ ಮೇಲೂ ಅವನು ಗೇಟಿನ ಹತ್ತಿರವೇ ನಿಂತಿದ್ದ.

ಭಾನುವಾರ ಅವನು ಅವಳ ಮನೆಗೆ ಹೋದ. ಭಾವ ಗಾಳಿಗೆಂದು ಹೊರಗೆ ಹೋಗಿದ್ದ. ಅಕ್ಕ ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದಳು, ಕೂರು ಎನ್ನಲಿಲ್ಲ.

"ಅಕ್ಕ, ತಪ್ಪಾಯ್ತು. ಬರೋ ಗುರುವಾರ ರೇಡಿಯೊದಲ್ಲೇ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ."

"ಏನಂತ?"

"ನಿನ್ನ ಮಾತನ್ನ ಹಾಗೆ ಹೇಳಬಾರದಿತ್ತು ಅಂತ."

"ಆಗ ಗೊತ್ತಿಲ್ಲದೋರಿಗೂ ಗೊತ್ತಾಗತ್ತೆ. ಈಗ ಲಾಂಡ್ರಿಯವರು ನಕ್ಕಿದ್ದಾರೆ. ಆಮೇಲೆ ಊರೆಲ್ಲ ಅಯ್ಯೋ ಪಾಪ ಅನ್ನತ್ತೆ. ಅದಕ್ಕಿಂತ ನಗೋದೇ ವಾಸಿ. ನಿನಗೆ ಕೈ ಮುಗೀತೀನಿ, ಅದೊಂದು ಮಾಡ್ಬೇಡ." ಕೈ ಮುಗೀತೀನಿ ಎಂದವಳು ತಟ್ಟನೆ ತುಟಿ ಬಿಗಿಹಿಡಿದಳು. ಬಟ್ಟೆ ಹಿಂಡಿ, ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದಳು. "ನೋಡು, ನಿನ್ನ ಮುಂದೆ ಬಾಯಿ ಬಿಡೋಕೇ ಈಗ ಹೆದರಿಕೆ ಆಗತ್ತೆ. ಯಾವ ಮಾತು ಎಲ್ಲಿ ಹೋಗತ್ತೋ."

ಅದು ಅವನಿಗೆ ಚುಚ್ಚಿತು. "ಇನ್ಮೇಲೆ ಯಾವತ್ತೂ ಇಲ್ಲ ಅಕ್ಕ."

"ಜನ ನಕ್ಕಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ ಕಣೋ. ನೀನು ಆಗಲ್ಲ ಅಂದಿದ್ದಕ್ಕೂ ಇಲ್ಲ, ಅದು ನಿನ್ನ ಇಷ್ಟ. ಅವತ್ತು ನಾನು ನಿನ್ನ ಗಲ್ಲ ಹಿಡ್ಕೊಂಡು ಕೇಳ್ತಿದ್ನಲ್ಲ, ಆಗ ನೀನು ನನ್ನ ಮಾತು ಕೇಳ್ತಾನೇ ಇರಲಿಲ್ಲ. ನನ್ನ ದನಿ ಹೇಗೆ ಏಳತ್ತೆ, ಹೇಗೆ ಬೀಳತ್ತೆ ಅಂತ ನೋಡ್ತಾ ಕೂತಿದ್ದೆ. ಇಲ್ದಿದ್ರೆ ಅಷ್ಟು ಸರಿಯಾಗಿ ಹೇಗೆ ಬರತ್ತೆ?"

ಇಲ್ಲ ಎನ್ನಲು ಅವನು ಬಾಯಿ ತೆರೆದ. ಪುಟ್ಟಾ ಎನ್ನುವಾಗ ಅವಳ ದನಿ ಒಡೆದದ್ದು, ಮುಖ ಪಕ್ಕಕ್ಕೆ ತಿರುಗಿಸಿಕೊಂಡೂ ತಾನು ಅದನ್ನು ಗಮನಿಸಿದ್ದು, ಎರಡೂ ಒಟ್ಟಿಗೆ ನೆನಪಾದವು. ಬಾಯಿ ಮುಚ್ಚಿದ. ಕ್ಷಮಿಸು, ಮನ್ನಿಸು, ಹೊಟ್ಟೆಗೆ ಹಾಕಿಕೋ, ಬೇಡುವುದಕ್ಕೆ ಅವನಿಗೆ ಗೊತ್ತಿದ್ದಷ್ಟು ಮಾತು ಆ ಊರಿನಲ್ಲಿ ಇನ್ಯಾರಿಗೂ ಗೊತ್ತಿರಲಾರದು. ನಾಲಗೆಯ ತುದಿಗೆ ಬಂದ ಒಂದೊಂದೂ ಉದಾಹರಣೆಯ ಹಾಗೆ ಕೇಳಿಸಿತು.

"ಇವತ್ತು ಹೋಗು" ಎಂದಳು ಅಕ್ಕ. ಗದರಲಿಲ್ಲ. "ಇನ್ನೊಂದು ದಿನ ಬಾ. ಇವತ್ತು ನನಗೆ ಆಗಲ್ಲ."

ಗುರುವಾರ ಅವನು ಇನ್ನೊಂದು ಪದ ಹೇಳಿದ. ಆಮೇಲಿನ ಗುರುವಾರ ಮತ್ತೊಂದು. ದನಿ ತೆಗೆಯಲಿಲ್ಲ. ತಂತ್ರಜ್ಞ ಗಾಜಿನಾಚೆ ಆಕಳಿಸಿದರೂ ತೆಗೆಯಲಿಲ್ಲ. ಸ್ಟೇಷನ್ನಿನ ಮುಖ್ಯಸ್ಥರು ಮೆಟ್ಟಿಲಲ್ಲಿ ನಿಲ್ಲಿಸಿ, "ಏನ್ ಮೇಷ್ಟ್ರೆ, ಈಚೆಗೆ ಒಗ್ಗರಣೆನೇ ಇಲ್ಲವಲ್ಲ" ಎಂದರು. "ಗಂಟಲು ಸ್ವಲ್ಪ ಸರಿ ಇಲ್ಲ" ಎಂದು ಹೇಳಿಬಿಟ್ಟ. ಮೇಲೆ ಹೋಗಿ ಕುರ್ಚಿಯಲ್ಲಿ ಕೂತ ಮೇಲೆ, ನೆವಕ್ಕೆ ತನಗೆ ಸಿಕ್ಕಿದ್ದೂ ಗಂಟಲೇ ಆಯಿತಲ್ಲ ಎಂದು ಕಿವಿಯವರೆಗೂ ಬಿಸಿಯಾಯಿತು. ಲಾಂಡ್ರಿಯಲ್ಲಿ ಗುರುವಾರ ಬಂದಾಗ ಉದ್ದಮ್ಮ ತಾನೇ ಸ್ಟೂಲು ಹತ್ತಿ ರೇಡಿಯೊ ಆರಿಸಲು ಹೋದಳಂತೆ. "ಇರಲಿ ಬಿಡೇ" ಎಂದಳಂತೆ ಅಕ್ಕ. ಜೋರು ಮಾಡಲಿಲ್ಲ, ಆರಿಸಲೂ ಬಿಡಲಿಲ್ಲ.

ಭಾವ ದಿನಾ ಸಂಜೆ ಗೇಟಿಗೆ ಹೋಗಿ ಅಕ್ಕನನ್ನು ಕರೆತರತೊಡಗಿದ. ಹೋಗುವಾಗ ಮಾರುಕಟ್ಟೆಯಲ್ಲಿ ಒಂದು ಗಳಿಗೆ ಕೂರುತ್ತಿದ್ದ. ಅವನು ಬೆರಳು ಒತ್ತಿದರೆ ಅಳುವ ಮಕ್ಕಳಿದ್ದರು, ಅವರನ್ನು ನೋಡಿ ಅವನು ಕೈ ತೆಗೆಯುತ್ತಿದ್ದ. ಮತ್ತೆ ಒತ್ತುತ್ತಿದ್ದ. ಅಕ್ಕ ಬೇಡಿದ್ದು ಹೀಗೆ ಅವಳಿಗೆ ಸಿಕ್ಕಿತು. ತಮ್ಮ ಕೊಟ್ಟದ್ದಲ್ಲ. ಅವಳ ಮಾನ ಹೋದ ದಾರಿಯಲ್ಲಿ ಬಂದದ್ದು. ಇದು ಗೊತ್ತಿದ್ದರಿಂದಲೇ ತಮ್ಮನಿಗೆ ಸಂತೋಷಪಡುವ ಹಕ್ಕೂ ಇರಲಿಲ್ಲ.

ತುಂಬಾ ದಿನ ಬಿಟ್ಟು ಅವನು ಮತ್ತೆ ಆ ಮನೆಯ ಬಾಗಿಲು ತಟ್ಟಿದ. ಅಕ್ಕ ತೆಗೆದಳು. "ಬಾ" ಎಂದಳು. ಪುಟ್ಟಾ ಎನ್ನಲಿಲ್ಲ, ಆ ಕರೆ ಅವಳ ಬಾಯಲ್ಲಿ ಅಂದಿಗೇ ನಿಂತಿತ್ತು. ಮೇಜಿನ ಮೇಲೆ ಹಸಿ ಬಟಾಣಿ ಸುರುವಿಕೊಂಡು ಗಂಡಹೆಂಡತಿ ಸುಲಿಯುತ್ತಿದ್ದರು. ಅಕ್ಕ ಒಂದು ಹಿಡಿ ಕಾಯಿ ಅವನ ಮುಂದೆ ತಳ್ಳಿದಳು. ಅವನು ಸುಲಿಯತೊಡಗಿದ. ಸಿಟ್ಟು ಹೋಯಿತೇ ಎಂದು ಕೇಳುವ ಆಸೆಯಾಯಿತು, ಕೇಳಲಿಲ್ಲ.

ಭಾವ ಕೈ ಒರೆಸಿಕೊಂಡು ಹೆಬ್ಬೆರಳು ಇಟ್ಟ. ಮಾರುಕಟ್ಟೆಯ ಯಾವುದೋ ಕಥೆ. ಕುಂಬಳಕಾಯಿ ಗಾಡಿಯೊಂದಿತ್ತು, ಒಬ್ಬ ದಪ್ಪ ದಲ್ಲಾಳಿಯಿದ್ದ. ಎರಡು ಮೂರು ಪದಕ್ಕೊಮ್ಮೆ ಉಸಿರು ಮುಗಿಯುತ್ತಿತ್ತು, ಕಥೆ ಅಲ್ಲೇ ನಿಂತು ಕಾಯುತ್ತಿತ್ತು. ದಲ್ಲಾಳಿ ಗಾಡಿ ಹತ್ತಿದ ಮೇಲೆ ಏನಾಯಿತೆಂದು ತಮ್ಮನಿಗೆ ತಿಳಿಯಲಿಲ್ಲ.

"ಇನ್ನೊಂದು ಸಲ ಹೇಳಿ ಭಾವ" ಎಂದ. "ಕೇಳಿಸಲಿಲ್ಲ."

ಭಾವ ಮೊದಲಿನಿಂದ ಶುರು ಮಾಡಿದ. ಅಕ್ಕ ಆ ಕಥೆಯನ್ನು ಮೊದಲೇ ಕೇಳಿದ್ದವಳು, ಕೊನೆ ಬರುವ ಮುಂಚೆಯೇ ಬಟಾಣಿಯ ಮೇಲೆ ಬಗ್ಗಿ ನಗತೊಡಗಿದಳು. ತಮ್ಮ ಅವಳ ಕಡೆ ನೋಡಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಭಾವನ ತುಟಿ ನೋಡುತ್ತಾ, ಮುಂದಿನ ಪದಕ್ಕೆ ಕಾದ.